ಹಳೆಯ ಆಟಗಳ ಪುಟ್ಟ ಕಂಪ್ಯೂಟರನ್ನು ತಂಪಾಗಿಡುವುದು: ಮಲೆನಾಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಹಾಸನವನ್ನು ಬಡವರ ಊಟಿ ಎಂದು ಕರೆಯುವ ರೂಢಿ ಹಳೆಯದು. ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಾಗಲಿ, ಇನ್ನೂ ಎತ್ತರದಲ್ಲಿರುವ ಚಿಕ್ಕಮಗಳೂರಿನಲ್ಲಾಗಲಿ, ಸಂಕ್ರಾಂತಿಯ ಆಸುಪಾಸಿನ ರಾತ್ರಿಗಳಲ್ಲಿ ಸ್ವೆಟರ್ ಹಾಕದೆ ಹಜಾರದಲ್ಲಿ ಕೂರುವುದು ಕಷ್ಟ. ಇಂಥ ಊರಿನಲ್ಲಿ ಅಂಗೈಯಗಲದ ಕಂಪ್ಯೂಟರಿಗೆ ತಂಪು ಮಾಡಬೇಕು ಎಂದರೆ ಯಾರಿಗಾದರೂ ಅನುಮಾನ ಬರುವುದು ಸಹಜ. ನನಗೂ ಬಂದಿತ್ತು. ರಜೆಗೆ ಬಂದಿದ್ದ ಅಕ್ಕನ ಮಕ್ಕಳು ನಮ್ಮ ಮನೆಯ ರಾಸ್ಪ್‌ಬೆರಿ ಪೈ 4 ಎಂಬ ಅಂಥ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಕಾರ್ ರೇಸ್ ಆಡುತ್ತಿದ್ದರು. ಟಿವಿ ಷೋಕೇಸಿನ ಗಾಜಿನ ಬಾಗಿಲು ಹಾಕಿದ್ದು, ಬೋರ್ಡು ಅದರೊಳಗೆ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿತ್ತು. ಇಪ್ಪತ್ತು ನಿಮಿಷ ಚೆನ್ನಾಗಿ ನಡೆದ ಆಟ ಆಮೇಲೆ ಎಳೆದಾಡತೊಡಗಿತು, ಸಂಗೀತ ತುಂಡುತುಂಡಾಗಿ ಕೇಳಿಸಿತು. “ಮಾಮ, ಗೇಮ್ ಸ್ಲೋ ಆಗ್ತಿದೆ, ನೋಡಿ” ಎಂದು ದೊಡ್ಡವನು ಕರೆದಾಗ ಹೊರಗೆ ಮಂಜು ಬೀಳುತ್ತಿತ್ತು. ಚಿಪ್ಪಿನ ಉಷ್ಣಾಂಶ ಮಾತ್ರ 80 ಡಿಗ್ರಿ ಸೆಲ್ಸಿಯಸ್ ದಾಟಿತ್ತು.

ಊರಿನ ತಂಪು ಬೋರ್ಡಿಗೆ ತಾನಾಗಿ ತಲುಪುವುದಿಲ್ಲ. ಬೋರ್ಡಿನ ಸುತ್ತಲಿನ ಒಂದು ಗೇಣು ಗಾಳಿ ಬದಲಾಗುತ್ತಿದ್ದರೆ ಮಾತ್ರ ಅದು ತಲುಪುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯ ಉದ್ದಕ್ಕೂ ನಾನು ಹಿಡಿದುಕೊಂಡಿರುವ ಅಳತೆಗೋಲು ಚಿಪ್ಪಿನ ಉಷ್ಣಾಂಶವಲ್ಲ. ಕೋಣೆಯ ಉಷ್ಣಾಂಶಕ್ಕಿಂತ ಚಿಪ್ ಎಷ್ಟು ಡಿಗ್ರಿ ಮೇಲಕ್ಕೆ ಹೋಗಿದೆ ಎಂಬ ಅಂತರ. ಜನವರಿಯಲ್ಲಿ ಅಳೆದರೂ ಏಪ್ರಿಲ್‌ನಲ್ಲಿ ಅಳೆದರೂ ಈ ಅಂತರ ಹೆಚ್ಚುಕಡಿಮೆ ಒಂದೇ ಇರುತ್ತದೆ. ಅದನ್ನು ಒಮ್ಮೆ ತಿಳಿದುಕೊಂಡರೆ, ಬೇಸಿಗೆಯ ಮಧ್ಯಾಹ್ನ ಆಟ ನಿಂತೀತೇ ಎಂಬುದನ್ನು ಚಳಿಗಾಲದಲ್ಲೇ ಲೆಕ್ಕ ಹಾಕಬಹುದು.

ಒಂದು ಸೂಚನೆ. ಕಂಪ್ಯೂಟರಿಗೆ ಕೊಡಬೇಕಾದ ಆದೇಶಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ನೀವು ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಅಡಿಗೆರೆ ಇರುವಲ್ಲಿ ಅಡಿಗೆರೆಯನ್ನೇ ಹಾಕಬೇಕು.

ಬಿಸಿ ಹುಟ್ಟುವ ಬಗೆ

ತೊಂಬತ್ತರ ದಶಕದಲ್ಲಿ ನಾವು ‘ಕ್ಯಾಸೆಟ್’ ಹಾಕಿ ಆಡುತ್ತಿದ್ದ ಟಿವಿ ಗೇಮುಗಳಲ್ಲಿ ಬಹುಪಾಲು 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್ ಯಂತ್ರದ ನಕಲುಗಳು. ಅದರ ಪ್ರೊಸೆಸರ್ ಓಡುತ್ತಿದ್ದುದು 1.79 ಮೆಗಾಹರ್ಟ್ಸ್ ವೇಗದಲ್ಲಿ. ಪೈ 4ರ ನಾಲ್ಕು ಕೋರ್‌ಗಳು ಒಂದೊಂದೂ 1.5 ಗಿಗಾಹರ್ಟ್ಸ್ ಅಥವಾ ಅದಕ್ಕೂ ಹೆಚ್ಚಿನ ವೇಗದಲ್ಲಿ ಓಡುವುದರಿಂದ ಆ ಆಟಗಳು ಅದಕ್ಕೆ ಭಾರವೇ ಅಲ್ಲ. ಭಾರ ಶುರುವಾಗುವುದು 1996ರ ನಿಂಟೆಂಡೊ 64, 1998ರ ಡ್ರೀಮ್‌ಕಾಸ್ಟ್, ಆಮೇಲೆ ಬಂದ ಪಿಎಸ್‌ಪಿ ಮುಂತಾದ ಗೇಮ್ ಯಂತ್ರಗಳ ಆಟಗಳಿಂದ. ಎಮ್ಯುಲೇಟರ್ ಎಂಬ ತಂತ್ರಾಂಶ ಹಳೆಯ ಯಂತ್ರದ ಒಂದೊಂದು ಆಜ್ಞೆಯನ್ನೂ ನಮ್ಮ ಬೋರ್ಡಿನ ಭಾಷೆಗೆ ತರುತ್ತಾ, ಚಿತ್ರ ಮತ್ತು ಧ್ವನಿಯ ಚಿಪ್‌ಗಳ ಕೆಲಸವನ್ನೂ ತಾನೇ ಮಾಡುತ್ತಾ, ಸೆಕೆಂಡಿಗೆ 60 ಚಿತ್ರಗಳನ್ನು ಮುಗಿಸಬೇಕು. ಅಂದರೆ ಒಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್ ಮಾತ್ರ.

ಇಷ್ಟು ಕೆಲಸ ಮಾಡುವಾಗ ಪೈ 4 ಸುಮಾರು 6 ರಿಂದ 7 ವ್ಯಾಟ್ ವಿದ್ಯುತ್ತನ್ನು ಎಳೆಯುತ್ತದೆ, ಅದರಲ್ಲಿ ಬಹುತೇಕ ಎಲ್ಲವೂ ಕೊನೆಗೆ ಬಿಸಿಯಾಗುತ್ತದೆ. ಹಳೆಯ ಸೊನ್ನೆ ವ್ಯಾಟಿನ ಬಲ್ಬನ್ನು ಉರಿಯುವಾಗ ಮುಟ್ಟಿ ನೋಡಿದವರಿಗೆ ಕಡಿಮೆ ವಿದ್ಯುತ್ತೂ ಎಷ್ಟು ಸುಡಬಲ್ಲದು ಎಂಬುದು ಗೊತ್ತು. ಇಲ್ಲಿ ಬಿಸಿಯೆಲ್ಲ ಉಗುರಿನಗಲದ ಚಿಪ್ಪಿನಿಂದ ಹೊರಬರಬೇಕು. ದಾರಿ ಸಿಗದೆ ಉಷ್ಣಾಂಶ 80 ಡಿಗ್ರಿ ಮುಟ್ಟಿದಾಗ ಬೋರ್ಡಿನೊಳಗೇ ಇರುವ ಫರ್ಮ್‌ವೇರ್ ಎಂಬ ಮೂಲ ತಂತ್ರಾಂಶ ತಾನಾಗಿ ಪ್ರೊಸೆಸರಿನ ವೇಗವನ್ನು ತಗ್ಗಿಸತೊಡಗುತ್ತದೆ. 85 ಡಿಗ್ರಿ ತಲುಪಿದರೆ ಗ್ರಾಫಿಕ್ಸ್ ಭಾಗದ ವೇಗವನ್ನೂ ತಗ್ಗಿಸುತ್ತದೆ. ಇದನ್ನು ಥ್ರಾಟ್ಲಿಂಗ್ ಎನ್ನುತ್ತಾರೆ. 2018ರ ಪೈ 3ಬಿ ಪ್ಲಸ್ ಬೋರ್ಡಿನಲ್ಲಿ 60 ಡಿಗ್ರಿಗೇ ಮೊದಲ ಕಡಿತವಿದ್ದು, ವೇಗ 1.4ರಿಂದ 1.2 ಗಿಗಾಹರ್ಟ್ಸ್‌ಗೆ ಇಳಿಯುತ್ತದೆ. ವೇಗ ಇಳಿದ ಮೇಲೆ 16.7 ಮಿಲಿಸೆಕೆಂಡಿನೊಳಗೆ ಕೆಲಸ ಮುಗಿಯುವುದಿಲ್ಲ. ಧ್ವನಿಯ ಹರಿವು ನಡುವೆ ಖಾಲಿಯಾಗುವುದರಿಂದ ಪಟಪಟ ಸದ್ದು ಮೊದಲು ಕೇಳಿಸುತ್ತದೆ, ಚಿತ್ರ ಎಳೆದಾಡುವುದು ಆಮೇಲೆ ಕಾಣಿಸುತ್ತದೆ. ಕಿವಿಗೆ ಗೊತ್ತಾದ ಕೂಡಲೇ ಅಳೆಯುವುದು ಒಳ್ಳೆಯದು.

ಮೊದಲ ಹೆಜ್ಜೆ: ಏನನ್ನೂ ಕೊಳ್ಳುವ ಮುನ್ನ ಅಳೆಯಿರಿ

ಬೇಕಾಗುವುದು ಗೋಡೆಗೆ ಹಾಕುವ ಒಂದು ಸಾಧಾರಣ ಥರ್ಮಾಮೀಟರ್, ಒಂದು ಹಾಳೆ, ಮತ್ತು ಅದೇ ವೈಫೈಗೆ ಸೇರಿದ ಲ್ಯಾಪ್‌ಟಾಪ್ ಅಥವಾ ಮೊಬೈಲ್. ಹಳೆಯ ಆಟಗಳನ್ನು ಆಡಿಸುವ ರೆಟ್ರೊಪೈ ತಂತ್ರಾಂಶ ಬಳಸುವವರು ಮೆನುವಿನಲ್ಲಿ ಎಫ್4 ಒತ್ತಿ ಟರ್ಮಿನಲ್‌ಗೆ, ಅಂದರೆ ಆದೇಶ ಟೈಪ್ ಮಾಡುವ ಪರದೆಗೆ ಬರಬಹುದು. ಆದರೆ ಆಟ ನಿಲ್ಲಿಸಿ ಹೊರಬರುವಷ್ಟರಲ್ಲಿ ಚಿಪ್ ಹಲವು ಡಿಗ್ರಿ ತಣಿದಿರುತ್ತದೆ. ನಾವು ಓದುವ ಅಂಕಿ ಆಟದ ನಡುವಿನದಾಗಿರುವುದಿಲ್ಲ. ಅದಕ್ಕಾಗಿ ರಾಸ್ಪಿ-ಕಾನ್ಫಿಗ್ ಎಂಬ ಸೆಟ್ಟಿಂಗ್ ಮೆನುವಿನಲ್ಲಿ, ಬೇರೆ ಯಂತ್ರದಿಂದ ಆದೇಶ ಕೊಡಲು ಬಿಡುವ ಎಸ್‌ಎಸ್‌ಎಚ್ ಸೌಲಭ್ಯವನ್ನು ಚಾಲೂ ಮಾಡಿಕೊಂಡು, ಬೇರೆ ಯಂತ್ರದಿಂದ ಒಳಹೊಕ್ಕು, ಆಟ ನಡೆಯುತ್ತಿರುವಾಗಲೇ ಓದಿಕೊಳ್ಳಬೇಕು.

ಉಷ್ಣಾಂಶ ಕೇಳುವ ಆದೇಶ ‘ವಿಸಿಜೆನ್‌ಸಿಎಂಡಿ ಮೆಷರ್_ಟೆಂಪ್’. ಈಗಿನ ವೇಗ ಕೇಳಲು ‘ವಿಸಿಜೆನ್‌ಸಿಎಂಡಿ ಮೆಷರ್_ಕ್ಲಾಕ್ ಆರ್ಮ್’. ಮೊದಲನೆಯದರ ಆರಂಭದಲ್ಲಿ ‘ವಾಚ್ -ಎನ್ 5’ ಎಂದು ಸೇರಿಸಿದರೆ ಐದು ಸೆಕೆಂಡಿಗೊಮ್ಮೆ ಅಂಕಿ ತಾನಾಗಿ ಬದಲಾಗುತ್ತಿರುತ್ತದೆ. ಈಗ ನಿಮ್ಮಲ್ಲಿರುವ ಆಟಗಳ ಪೈಕಿ ಅತಿ ಭಾರದ್ದನ್ನು ಆರಿಸಿ ಅರ್ಧ ಗಂಟೆ ನಡೆಯಲು ಬಿಡಿ. ಯಾರೂ ಆಡದಿದ್ದರೂ ತಾನಾಗಿ ಪ್ರದರ್ಶನ ತೋರಿಸುತ್ತಾ ಸುತ್ತುವ ಆಟವಾದರೆ ಪ್ರತಿ ಬಾರಿಯೂ ಒಂದೇ ಬಗೆಯ ಭಾರ ಬೀಳುವುದರಿಂದ ಹೋಲಿಕೆ ಸರಿಯಾಗಿರುತ್ತದೆ. ಥರ್ಮಾಮೀಟರನ್ನು ಬೋರ್ಡಿನಿಂದ ಎರಡು ಮಾರು ದೂರದಲ್ಲಿ, ಬಿಸಿಲು ಬೀಳದ ಕಡೆ ಇಡಿ. ಐದು ನಿಮಿಷಕ್ಕೊಮ್ಮೆ ಎರಡೂ ಅಂಕಿಗಳನ್ನು ಹಾಳೆಯಲ್ಲಿ ಬರೆಯಿರಿ. ಚಿಪ್ಪಿನ ಅಂಕಿ ಏರುವುದು ನಿಂತಾಗ ಅದರಿಂದ ಕೋಣೆಯ ಅಂಕಿಯನ್ನು ಕಳೆಯಿರಿ.

ಕೋಣೆ 20 ಡಿಗ್ರಿ, ಚಿಪ್ 72 ಡಿಗ್ರಿ ಎಂದುಕೊಳ್ಳೋಣ. ಅಂತರ 52. ಈ ಹೊತ್ತಿಗೆ ಆಟಕ್ಕೆ ತೊಂದರೆಯಿಲ್ಲ. ಏಪ್ರಿಲ್‌ನ ಮಧ್ಯಾಹ್ನ ಅದೇ ಕೋಣೆ 32 ಡಿಗ್ರಿಯಾದರೆ ಚಿಪ್ 84ಕ್ಕೆ ಹೋಗಬೇಕಾಗುತ್ತದೆ, ಅಷ್ಟರಲ್ಲಿ ಥ್ರಾಟ್ಲಿಂಗ್ ಶುರುವಾಗಿರುತ್ತದೆ. ಬೇಸಿಗೆ ರಜೆಯಲ್ಲೇ ಮಕ್ಕಳು ಹೆಚ್ಚು ಆಡುವುದರಿಂದ ಈ ಲೆಕ್ಕವನ್ನು ಮೊದಲೇ ಹಾಕಬೇಕು. ನನ್ನ ಅನುಭವದ ಗುರಿ ಇದು: ಅತಿ ಭಾರದ ಆಟದಲ್ಲೂ ಅಂತರ 35 ಡಿಗ್ರಿಯ ಒಳಗಿದ್ದರೆ ಹಾಸನ, ಚಿಕ್ಕಮಗಳೂರು, ಸಕಲೇಶಪುರ, ಮೂಡಿಗೆರೆಗಳಲ್ಲಿ ವರ್ಷವಿಡೀ ಚಿಂತೆಯಿಲ್ಲ. 35ರಿಂದ 45ರ ನಡುವೆ ಇದ್ದರೆ ಜಾಗ ಬದಲಿಸಿದರೆ ಸಾಕಾಗಬಹುದು. ಅದಕ್ಕೂ ಮೇಲಿದ್ದರೆ ಹೀಟ್‌ಸಿಂಕ್ (ಬಿಸಿ ಹರಡುವ ಲೋಹದ ತುಂಡು) ಅಥವಾ ಫ್ಯಾನ್ ಬೇಕು. ಫ್ಯಾಮಿಕಾಮ್, ಮೆಗಾ ಡ್ರೈವ್‌ನಂಥ ಹಳೆಯ ಗೇಮ್ ಯಂತ್ರಗಳ ಆಟ ಮಾತ್ರ ಆಡುವವರಿಗೆ ಮುಂದಿನ ಅರ್ಧದಷ್ಟು ಕೆಲಸ ಬೇಕಾಗದೇ ಹೋಗಬಹುದು; ಅವರು ಅಳೆದು ಸುಮ್ಮನಾಗಲಿ.

ಬೇರೆ ಕಂಪನಿಯ ಬೋರ್ಡ್ ಇದ್ದವರಿಗೆ ಮೇಲಿನ ಆದೇಶ ನಡೆಯುವುದಿಲ್ಲ. ಲಿನಕ್ಸ್ ಓಡುವ ಹೆಚ್ಚಿನ ಬೋರ್ಡುಗಳಲ್ಲಿ ‘ಸಿಸ್’ ಕಡತಕೋಶದ ‘ಕ್ಲಾಸ್’, ಅದರೊಳಗಿನ ‘ಥರ್ಮಲ್’, ಅದರೊಳಗಿನ ‘ಥರ್ಮಲ್_ಜೋನ್0’ ಎಂಬಲ್ಲಿರುವ ‘ಟೆಂಪ್’ ಕಡತವನ್ನು ತೆರೆದು, ಸಿಕ್ಕ ಅಂಕಿಯನ್ನು ಸಾವಿರದಿಂದ ಭಾಗಿಸಿದರೆ ಡಿಗ್ರಿ ಸಿಗುತ್ತದೆ.

ಎರಡನೆಯ ಹೆಜ್ಜೆ: ತಪ್ಪು ಬಿಸಿಯದೋ, ವಿದ್ಯುತ್ತಿನದೋ ನೋಡಿ

ಈ ಹೆಜ್ಜೆಯನ್ನು ಬಿಟ್ಟು ಫ್ಯಾನ್ ಕೊಂಡು ನಿರಾಶರಾದವರು ಹಲವರು. ಬೋರ್ಡಿಗೆ ಬರುವ ವೋಲ್ಟೇಜ್ 4.63ಕ್ಕಿಂತ ಕೆಳಗಿಳಿದರೂ ಅದು ಪ್ರೊಸೆಸರಿನ ವೇಗವನ್ನು ತಗ್ಗಿಸುತ್ತದೆ. ಆಟ ಎಳೆದಾಡುವ ಬಗೆ ಎರಡರಲ್ಲೂ ಒಂದೇ. ಬೇರ್ಪಡಿಸಿ ಹೇಳುವ ಆದೇಶ ‘ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್’. ಉತ್ತರ ‘0ಎಕ್ಸ್0’ ಎಂದು ಬಂದರೆ ಬೋರ್ಡ್ ಚಾಲೂ ಆದಾಗಿನಿಂದ ಯಾವ ಕಡಿತವೂ ಆಗಿಲ್ಲ. ಇಲ್ಲದಿದ್ದರೆ ‘0ಎಕ್ಸ್’ ಆದ ಮೇಲೆ ಐದು ಅಂಕಿಗಳು ಬರುತ್ತವೆ. ಅವುಗಳಲ್ಲಿ ಮೊದಲನೆಯದು ಚಾಲೂ ಆದಾಗಿನಿಂದ ಎಂದಾದರೂ ನಡೆದುದನ್ನೂ, ಕೊನೆಯದು ಈ ಗಳಿಗೆಯಲ್ಲಿ ನಡೆಯುತ್ತಿರುವುದನ್ನೂ ಹೇಳುತ್ತದೆ. ಎರಡರಲ್ಲೂ 1 ಎಂದರೆ ವೋಲ್ಟೇಜ್ ಕುಸಿತ, 2 ಎಂದರೆ ವೇಗಕ್ಕೆ ಮಿತಿ, 4 ಎಂದರೆ ಥ್ರಾಟ್ಲಿಂಗ್, 8 ಎಂದರೆ ಉಷ್ಣಾಂಶದ ಮೃದು ಮಿತಿ. ಒಂದಕ್ಕಿಂತ ಹೆಚ್ಚು ಇದ್ದರೆ ಅವುಗಳ ಮೊತ್ತ ಬರುತ್ತದೆ. ‘50005’ ಎಂದರೆ 1 ಮತ್ತು 4 ಸೇರಿ 5: ವೋಲ್ಟೇಜ್ ಕುಸಿದಿದೆ, ಈಗಲೂ ಕುಸಿದೇ ಇದೆ. ‘ಇ0000’ ಎಂದರೆ ಇಂಗ್ಲಿಷಿನ ಇ ಅಕ್ಷರ 14ರ ಗುರುತು, ಅಂದರೆ 2, 4, 8: ಹಿಂದೆ ಬಿಸಿಯಿಂದ ಕಡಿತವಾಗಿತ್ತು, ಈಗಿಲ್ಲ. ನೆನಪಿಡಲು ಸುಲಭದ ದಾರಿ ಒಂದಿದೆ. ಮೊದಲ ಅಂಕಿ ಬೆಸ ಸಂಖ್ಯೆಯಾಗಿದ್ದರೆ ಅದರಲ್ಲಿ ವಿದ್ಯುತ್ತಿನ ತಪ್ಪು ಇದ್ದೇ ಇದೆ. ಆಟ ಮುಗಿಸಿ ಹೊರಬಂದ ಮೇಲೂ ಈ ದಾಖಲೆ ಉಳಿದಿರುತ್ತದೆಯಾದ್ದರಿಂದ ಎಸ್‌ಎಸ್‌ಎಚ್ ಬಾರದವರೂ ಇದನ್ನು ಬಳಸಬಹುದು; ಬೋರ್ಡನ್ನು ಬಂದ್ ಮಾಡಿದರೆ ಮಾತ್ರ ಅಳಿಸಿಹೋಗುತ್ತದೆ.

ವಿದ್ಯುತ್ತಿನ ತಪ್ಪಿಗೆ ಸಾಮಾನ್ಯ ಕಾರಣ ಮೊಬೈಲ್ ಚಾರ್ಜರ್ ಮತ್ತು ಉದ್ದನೆಯ ತೆಳು ಕೇಬಲ್. ಪೈ 4ಕ್ಕೆ ತಯಾರಕರು ಕೊಡುವ ಅಡಾಪ್ಟರ್ 5.1 ವೋಲ್ಟ್, 3 ಆಂಪಿಯರಿನದು. ಪೈ 3ಕ್ಕೆ 2.5 ಆಂಪಿಯರ್, ಪೈ 5ಕ್ಕೆ 5 ಆಂಪಿಯರ್. ಬೇಗ ಚಾರ್ಜ್ ಮಾಡುವ ಮೊಬೈಲ್ ಚಾರ್ಜರಿನ ಮೇಲೆ ದೊಡ್ಡ ವ್ಯಾಟ್ ಅಂಕಿ ಬರೆದಿದ್ದರೂ, ಆ ಶಕ್ತಿಯನ್ನು ಅದು ಹೆಚ್ಚಿನ ವೋಲ್ಟೇಜಿನಲ್ಲಿ ಕೊಡುತ್ತದೆಯೇ ಹೊರತು 5 ವೋಲ್ಟಿನಲ್ಲಿ ಅಲ್ಲ. ತೋಟದ ಮನೆಗಳಲ್ಲಿ ಸಂಜೆ ಲೈನ್ ವೋಲ್ಟೇಜ್ ಇಳಿಯುವುದರಿಂದ ಸ್ಟೆಬಿಲೈಸರ್ ಬೇಕೇ ಎಂದು ಕೇಳುವವರಿದ್ದಾರೆ. ಒಳ್ಳೆಯ ಅಡಾಪ್ಟರ್‌ಗಳು 100ರಿಂದ 240 ವೋಲ್ಟ್‌ವರೆಗೆ ಒಪ್ಪುತ್ತವೆ. ನಿಮ್ಮದರ ಮೇಲೆ ಹಾಗೆ ಬರೆದಿದ್ದರೆ ಸ್ಟೆಬಿಲೈಸರ್ ಬೇಡ.

ಮೂರನೆಯ ಹೆಜ್ಜೆ: ಜಾಗ ಬದಲಿಸಿ

ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ, ಫಲ ಮಾತ್ರ ದೊಡ್ಡದು. ಷೋಕೇಸಿನ ಒಳಗೆ ಇಟ್ಟ ಬೋರ್ಡ್ ಕೋಣೆಯ ಗಾಳಿಯಲ್ಲಿ ಇರುವುದಿಲ್ಲ. ತಾನೂ, ಸೆಟ್‌ಟಾಪ್ ಬಾಕ್ಸೂ, ಟಿವಿಯ ಬೆನ್ನೂ ಸೇರಿ ಬಿಸಿ ಮಾಡಿದ ಗಾಳಿಯಲ್ಲಿರುತ್ತದೆ. ಗಾಜಿನ ಬಾಗಿಲು ತೆರೆದಿಟ್ಟು ಒಮ್ಮೆ, ಹೊರಗೆ ತೆಗೆದು ಒಮ್ಮೆ ಅಳೆದು ನೋಡಿ. ಸೆಟ್‌ಟಾಪ್ ಬಾಕ್ಸಿನ ಮೇಲೆ ಬೋರ್ಡನ್ನು ಇಡುವ ಅಭ್ಯಾಸ ಬಹಳ ಮನೆಗಳಲ್ಲಿದೆ, ಅದನ್ನು ಮೊದಲು ಬಿಡಿ. ಕಸೂತಿ ಹಾಕಿದ ಬಟ್ಟೆಯ ಮೇಲೆ ಇಟ್ಟರೆ ಕೆಳಗಿನ ತೂತುಗಳು ಮುಚ್ಚಿಹೋಗುತ್ತವೆ.

ಬಿಸಿಯಾದ ಗಾಳಿ ಮೇಲಕ್ಕೇ ಹೋಗುತ್ತದೆ. ಬೋರ್ಡನ್ನು ಮಲಗಿಸುವ ಬದಲು ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿದರೆ ಎರಡೂ ಬದಿಗಳ ಉದ್ದಕ್ಕೂ ಗಾಳಿ ತಾನಾಗಿ ಏರುತ್ತಾ ಹೋಗಿ ಉಷ್ಣಾಂಶ ಕೆಲವು ಡಿಗ್ರಿ ಇಳಿಯುತ್ತದೆ. ಪೈ 4 ಬಂದ ವರ್ಷವೇ, ಅಂದರೆ 2019ರಲ್ಲಿ, ತಯಾರಕರು ಫರ್ಮ್‌ವೇರ್ ಸುಧಾರಣೆಗಳ ಜೊತೆಗೆ ಇದನ್ನೂ ಪರೀಕ್ಷಿಸಿ ತೋರಿಸಿದ್ದರು. ನಾನು ಮರದ ಎರಡು ಪಟ್ಟಿಗಳ ನಡುವೆ ಸಂದು ಬಿಡಿಸಿ, ಪೆಟ್ಟಿಗೆಯನ್ನು ಅದರಲ್ಲಿ ನಿಲ್ಲಿಸಿದ್ದೇನೆ. ಟಿವಿಯ ಹಿಂದೆ ಅಲ್ಲ, ಪಕ್ಕದಲ್ಲಿ. ಕೇಬಲ್‌ಗಳು ಇರುವ ಅಂಚು ಕೆಳಗೆ ಬಾರದಂತೆ ನೋಡಿಕೊಳ್ಳಬೇಕು, ಭಾರ ಬಿದ್ದರೆ ಎಚ್‌ಡಿಎಂಐ ಸಾಕೆಟ್ ಸಡಿಲವಾಗುತ್ತದೆ.

ನಾಲ್ಕನೆಯ ಹೆಜ್ಜೆ: ಹೀಟ್‌ಸಿಂಕ್ ಅಂಟಿಸುವುದು

ಹೀಟ್‌ಸಿಂಕ್ ಬಿಸಿಯನ್ನು ನುಂಗುವುದಿಲ್ಲ, ಹರಡುತ್ತದೆ. ಚಿಪ್ಪಿನ ಚಿಕ್ಕ ಮೈಯಿಂದ ಬಿಸಿಯನ್ನು ತೆಗೆದುಕೊಂಡು ರೆಕ್ಕೆಗಳ ದೊಡ್ಡ ಮೈಯ ಮೂಲಕ ಗಾಳಿಗೆ ಕೊಡುವುದು ಅದರ ಕೆಲಸ. ಹಾಗಾಗಿ ತಾಮ್ರವೋ ಅಲ್ಯೂಮಿನಿಯಮ್ಮೋ ಎಂಬ ಚರ್ಚೆಗಿಂತ ರೆಕ್ಕೆಗಳ ಒಟ್ಟು ವಿಸ್ತಾರವೂ, ಚಿಪ್ಪಿಗೂ ಲೋಹಕ್ಕೂ ನಡುವಿನ ಅಂಟಿನ ಗುಣವೂ ಮುಖ್ಯ. ತಾಮ್ರ ಅಲ್ಯೂಮಿನಿಯಮ್ಮಿನ ಸುಮಾರು ಎರಡರಷ್ಟು ಚೆನ್ನಾಗಿ ಬಿಸಿಯನ್ನು ಸಾಗಿಸುತ್ತದೆ ಎಂಬುದು ನಿಜ. ಆದರೆ ಇಷ್ಟು ಚಿಕ್ಕ ತುಂಡಿನಲ್ಲಿ ಅಡಚಣೆ ಇರುವುದು ಲೋಹದೊಳಗಲ್ಲ, ಲೋಹದಿಂದ ಗಾಳಿಗೆ ದಾಟುವಲ್ಲಿ. ಹತ್ತು ಮಿಲಿಮೀಟರ್ ಎತ್ತರದ ಅಲ್ಯೂಮಿನಿಯಮ್ ರೆಕ್ಕೆಗಳು ಐದು ಮಿಲಿಮೀಟರಿನ ತಾಮ್ರದ ಬಿಲ್ಲೆಗಿಂತ ಉತ್ತಮ ಎಂಬುದೇ ನನ್ನ ನಿಲುವು.

ಫ್ಯಾನ್ ಇಲ್ಲದೆ ಮುಗಿಸಬೇಕೆನ್ನುವವರಿಗೆ ನಾನು ಹೇಳುವುದು ಇಡೀ ಅಲ್ಯೂಮಿನಿಯಮ್ ಪೆಟ್ಟಿಗೆಯನ್ನೇ. ಇದರ ಒಳಗಿನಿಂದ ಒಂದು ಗಟ್ಟಿ ಕಂಬ ಇಳಿದು ಚಿಪ್ಪಿಗೆ ತಾಗುತ್ತದೆ, ಪೆಟ್ಟಿಗೆಯೇ ಹೀಟ್‌ಸಿಂಕ್ ಆಗುತ್ತದೆ. ಶಬ್ದವಿಲ್ಲ, ಧೂಳು ಎಳೆಯುವುದಿಲ್ಲ, ಹುಳು ಹೊಗುವುದಿಲ್ಲ. ಮಲೆನಾಡಿಗೆ ಇದೇ ಹೇಳಿ ಮಾಡಿಸಿದ್ದು. ನಾಲ್ಕೂ ಕಡೆ ಲೋಹವಿದ್ದರೆ ವೈಫೈ ಸ್ವಲ್ಪ ಕುಗ್ಗಬಹುದು ಎಂಬುದೊಂದೇ ಎಚ್ಚರಿಕೆ.

ಅಂಟಿಸುವ ಕ್ರಮ ಹೀಗಿದೆ. ಮೆನುವಿನಿಂದಲೇ ಯಂತ್ರವನ್ನು ಬಂದ್ ಮಾಡಿ, ಅಡಾಪ್ಟರ್ ಕಿತ್ತು, ಹತ್ತು ನಿಮಿಷ ತಣಿಯಲು ಬಿಡಿ. ಕೈಯಲ್ಲಿರಬಹುದಾದ ಸ್ಥಿರ ವಿದ್ಯುತ್ತು ಇಳಿಯಲೆಂದು ಕಿಟಕಿಯ ಕಬ್ಬಿಣದ ಸರಳನ್ನೋ ನಲ್ಲಿಯನ್ನೋ ಒಮ್ಮೆ ಮುಟ್ಟಿ, ಬೋರ್ಡನ್ನು ಅಂಚುಗಳಲ್ಲಿ ಹಿಡಿಯಿರಿ. ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಹತ್ತಿಗೆ ತಾಗಿಸಿ ಚಿಪ್ಪಿನ ಲೋಹದ ಮುಚ್ಚಳವನ್ನು ಒರೆಸಿ, ಆರಲು ಬಿಡಿ. ಕೊಬ್ಬರಿ ಎಣ್ಣೆಯ ಬೆರಳು ತಾಗಿದ ಚಿಪ್ಪಿನ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ. ಪೈ 4ರಲ್ಲಿ ನಡುವೆ ಬೆಳ್ಳಿ ಬಣ್ಣದ ಚೌಕವೇ ಮುಖ್ಯ ಚಿಪ್. ಪಕ್ಕದ ಕಪ್ಪನೆಯದು ರ್‍ಯಾಮ್. ಯುಎಸ್‌ಬಿ ಸಾಕೆಟ್‌ಗಳ ಬಳಿಯ ಚಿಕ್ಕದು ಯುಎಸ್‌ಬಿಯದು. ಹೀಟ್‌ಸಿಂಕ್ ಒಂದೇ ಇದ್ದರೆ ಮುಖ್ಯ ಚಿಪ್ಪಿಗೆ ಹಾಕಿ. ಅದರ ಲೋಹದ ಅಂಚು ಅಕ್ಕಪಕ್ಕದ ಬೆಸುಗೆಗಳಿಗೆ ತಾಗಬಾರದು. ಇಟ್ಟು, ಅರ್ಧ ನಿಮಿಷ ಸಮನಾಗಿ ಒತ್ತಿ ಹಿಡಿಯಿರಿ.

ಲೋಹದ ಪೆಟ್ಟಿಗೆಯಾದರೆ ಜೊತೆಗೆ ಥರ್ಮಲ್ ಪ್ಯಾಡ್ ಎಂಬ ಮೆತ್ತನೆಯ ಹಾಳೆ ಬರುತ್ತದೆ. ಅದರ ಎರಡೂ ಮುಖಗಳಿಗೆ ತೆಳು ಪ್ಲಾಸ್ಟಿಕ್ ಪೊರೆ ಅಂಟಿಕೊಂಡಿರುತ್ತದೆ, ಎರಡನ್ನೂ ಸುಲಿಯಬೇಕು. ನಾನು ಮೊದಲ ಬಾರಿ ಒಂದೇ ಮುಖದ್ದನ್ನು ಸುಲಿದಿದ್ದೆ. ಪೆಟ್ಟಿಗೆ ತಣ್ಣಗೇ ಇತ್ತು, ಚಿಪ್ ಮಾತ್ರ ಹಿಂದಿನಷ್ಟೇ ಕಾಯುತ್ತಿತ್ತು. ಕಾರಣ ಹುಡುಕಲು ಒಂದು ಭಾನುವಾರ ಹಿಡಿಯಿತು. ಆಗಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ: ತಿರುಪು ಬಿಗಿದು, ಐದು ನಿಮಿಷ ಓಡಿಸಿ, ಮತ್ತೆ ಬಿಚ್ಚಿ ಪ್ಯಾಡಿನ ಮೇಲೆ ಚಿಪ್ಪಿನ ಚೌಕ ಪೂರ್ತಿ ಅಚ್ಚೊತ್ತಿದೆಯೇ ಎಂದು ನೋಡುತ್ತೇನೆ. ಅಚ್ಚು ಅರ್ಧ ಮಾತ್ರ ಇದ್ದರೆ ಪ್ಯಾಡ್ ತೆಳುವಾಯಿತು ಎಂದರ್ಥ. ಬೋರ್ಡೇ ಬಾಗುವಂತಿದ್ದರೆ ದಪ್ಪವಾಯಿತು ಎಂದರ್ಥ. ಪೆಟ್ಟಿಗೆ ಬಿಸಿಯಾಗಿ, ಚಿಪ್ಪಿನ ಅಂಕಿ ಇಳಿದಿದ್ದರೆ ಕೆಲಸ ಸರಿಯಾಗಿದೆ. ಲೋಹ ಮುಟ್ಟಿದಾಗ ಬಿಸಿ ತಾಗುವುದನ್ನು ಕಂಡು ಗಾಬರಿಪಡಬೇಡಿ, ಬಿಸಿ ಹೊರಬರುತ್ತಿದೆ ಎಂಬುದಕ್ಕೆ ಅದೇ ಗುರುತು.

ಐದನೆಯ ಹೆಜ್ಜೆ: ಫ್ಯಾನ್, ಬೇಕಾದರೆ ಮಾತ್ರ

ಹೀಟ್‌ಸಿಂಕ್ ಹಾಕಿ ಅಳೆದ ಮೇಲೂ ಅಂತರ 45ರ ಮೇಲಿದ್ದರೆ, ಅಥವಾ ನಿಮ್ಮದು 2023ರಲ್ಲಿ ಬಂದ ಪೈ 5 ಆಗಿದ್ದರೆ, ಫ್ಯಾನ್ ಹಾಕಿ. ಪೈ 5ರಲ್ಲಿ ಫ್ಯಾನಿಗೆಂದೇ ನಾಲ್ಕು ಪಿನ್ನುಗಳ ಸಾಕೆಟ್ ಇದೆ. ತಯಾರಕರದೇ ಆದ ಆಕ್ಟಿವ್ ಕೂಲರ್ ಎಂಬ ಜೋಡಣೆಯಲ್ಲಿ ಹೀಟ್‌ಸಿಂಕ್ ಮತ್ತು ಫ್ಯಾನ್ ಒಟ್ಟಿಗೆ ಇರುತ್ತವೆ. ಸ್ಪ್ರಿಂಗ್ ಪಿನ್ನುಗಳನ್ನು ಬೋರ್ಡಿನ ತೂತುಗಳಿಗೆ ಒತ್ತಿದರೆ ಮುಗಿಯಿತು. ಅದು ತಣ್ಣಗಿದ್ದಾಗ ನಿಂತಿದ್ದು, ಬಿಸಿಯೇರಿದಂತೆ ವೇಗ ಹೆಚ್ಚಿಸುತ್ತಾ, 75 ಡಿಗ್ರಿಗೆ ಪೂರ್ಣ ವೇಗ ಪಡೆಯುತ್ತದೆ.

ಪೈ 4 ಮತ್ತು ಹಿಂದಿನವುಗಳಲ್ಲಿ 40 ಪಿನ್ನುಗಳ ಸಾಲಿಗೆ ಜೋಡಿಸಬೇಕು. ಮೆಮೊರಿ ಕಾರ್ಡ್ ಇರುವ ತುದಿಯಿಂದ ಎಣಿಸಿ. ಬೋರ್ಡಿನ ಹೊರ ಅಂಚಿನ ಸಾಲಿನಲ್ಲಿ ಮೊದಲ ಎರಡು ಪಿನ್ನುಗಳು, ಅಂದರೆ 2 ಮತ್ತು 4, ಎರಡೂ 5 ವೋಲ್ಟಿನವು; ಮೂರನೆಯದು, ಅಂದರೆ 6, ಗ್ರೌಂಡ್. ಫ್ಯಾನಿನ ಕೆಂಪು ತಂತಿ 4ಕ್ಕೆ, ಕಪ್ಪು ತಂತಿ 6ಕ್ಕೆ. ಒಳಗಿನ ಸಾಲಿನ ಮೊದಲ ಪಿನ್ 3.3 ವೋಲ್ಟಿನದು, ಕೆಂಪು ತಂತಿಯನ್ನು ಅಲ್ಲಿಗೆ ಹಾಕಿದರೆ ಚಿಕ್ಕ ಫ್ಯಾನ್ ನಿಧಾನವಾಗಿ, ಹೆಚ್ಚು ಸದ್ದಿಲ್ಲದೆ ತಿರುಗುತ್ತದೆ. ನಮ್ಮ ಊರುಗಳ ಹವೆಯಲ್ಲಿ ಬಹುಪಾಲು ಆಟಗಳಿಗೆ ಅಷ್ಟೇ ಸಾಕು. ಕೆಲವು ಫ್ಯಾನ್‌ಗಳು 3.3 ವೋಲ್ಟಿನಲ್ಲಿ ಶುರುವಾಗದೆ ನಡುಗುತ್ತಾ ನಿಲ್ಲುತ್ತವೆ. ಹಾಗಿದ್ದರೆ ಅಲ್ಲಿ ಬಿಡಬೇಡಿ.

ಯಾವ ಕಾರಣಕ್ಕೂ ಎರಡು ತಂತಿಯ ಫ್ಯಾನನ್ನು ಜಿಪಿಐಒ ಎಂಬ, ಸಂಕೇತ ಕಳಿಸಲಷ್ಟೇ ಇರುವ ನಿಯಂತ್ರಣ ಪಿನ್ನಿನಿಂದ ನೇರವಾಗಿ ಓಡಿಸಬೇಡಿ. ಆ ಪಿನ್ನುಗಳು ತಾಳುವುದು ಸುಮಾರು 16 ಮಿಲಿಆಂಪಿಯರ್. ಫ್ಯಾನ್ ಕೇಳುವುದು ನೂರರ ಲೆಕ್ಕದಲ್ಲಿ. ಪಿನ್ನಷ್ಟೇ ಅಲ್ಲ, ಚಿಪ್ಪೇ ಸುಟ್ಟುಹೋಗಬಹುದು. ಬೇಕಾದಾಗ ಮಾತ್ರ ತಿರುಗಬೇಕೆಂದರೆ ನಿಯಂತ್ರಣದ ಮೂರನೆಯ ತಂತಿ ಇರುವ ಫ್ಯಾನ್ ಕೊಳ್ಳಿ. ಆ ತಂತಿಯನ್ನು ಹೊರ ಸಾಲಿನ ನಾಲ್ಕನೆಯ ಪಿನ್ನಿಗೆ, ಅಂದರೆ 8ಕ್ಕೆ ಹಾಕಿ; ಇದೇ ಜಿಪಿಐಒ 14. ಆಮೇಲೆ ರಾಸ್ಪಿ-ಕಾನ್ಫಿಗ್ ಮೆನುವಿನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಫ್ಯಾನ್ ಎಂಬುದನ್ನು ಆರಿಸಿ, ಪಿನ್ 14, ಉಷ್ಣಾಂಶ 60 ಎಂದು ಕೊಡಿ. ಮೆನು ತಾನಾಗಿ ತೋರಿಸುವ 80 ಡಿಗ್ರಿ ತಡವಾಯಿತು, ಅಲ್ಲಿಗೆ ಥ್ರಾಟ್ಲಿಂಗ್ ಹೊಸ್ತಿಲಿಗೆ ಬಂದಿರುತ್ತದೆ. 60ಕ್ಕೆ ಶುರುವಾದ ಫ್ಯಾನ್ ಹತ್ತು ಡಿಗ್ರಿ ಇಳಿದ ಮೇಲೆ ನಿಲ್ಲುವುದರಿಂದ ಪದೇಪದೇ ಆರಿ ಹೊತ್ತುವ ಕಿರಿಕಿರಿ ಇರುವುದಿಲ್ಲ.

ಗಾಳಿಯ ದಿಕ್ಕನ್ನು ನೋಡಲು ನನಗೆ ತಿಳಿದ ಅತ್ಯುತ್ತಮ ಸಾಧನ ದೇವರ ಮನೆಯ ಊದುಬತ್ತಿ. ಉರಿಯುವ ತುದಿಯನ್ನು ಪೆಟ್ಟಿಗೆಯಿಂದ ಒಂದು ಗೇಣು ದೂರ ಹಿಡಿದು ಹೊಗೆ ಎತ್ತ ಎಳೆಯುತ್ತದೆ ಎಂದು ನೋಡಿ. ಸಾಮಾನ್ಯವಾಗಿ ಫ್ಯಾನಿನ ಕಡ್ಡಿಗಳೂ ಚೀಟಿಯೂ ಇರುವ ಮುಖದಿಂದ ಗಾಳಿ ಹೊರಬರುತ್ತದೆ. ಆ ಮುಖ ಹೀಟ್‌ಸಿಂಕಿನ ಕಡೆಗಿದ್ದರೆ ಗಾಳಿ ನೇರ ರೆಕ್ಕೆಗಳ ಮೇಲೆ ಬೀಳುತ್ತದೆ. ಒಳಬಂದ ಗಾಳಿ ಹೊರಹೋಗಲು ಬೇರೆ ಕಡೆ ತೂತು ಇದೆಯೇ ಎಂಬುದನ್ನೂ ಹೊಗೆಯೇ ತೋರಿಸುತ್ತದೆ. ಹೊಗೆ ಫ್ಯಾನಿನ ಸುತ್ತಲೇ ಸುಳಿಯುತ್ತಿದ್ದರೆ ಅದೇ ಬಿಸಿ ಗಾಳಿ ಮತ್ತೆ ಮತ್ತೆ ಒಳಹೋಗುತ್ತಿದೆ. ಎರಡು ನಿಮಿಷದಲ್ಲಿ ನೋಡಿ ಮುಗಿಸಿ, ಬೂದಿ ಒಳಗೆ ಬೀಳಬಾರದು.

ಎತ್ತರದ ಊರಿನವರು ತಿಳಿದಿರಬೇಕಾದ ಒಂದು ಮಾತು. ಸುಮಾರು ಸಾವಿರ ಮೀಟರ್ ಎತ್ತರದಲ್ಲಿ ಗಾಳಿ ಕರಾವಳಿಗಿಂತ ಹತ್ತನೆಯ ಒಂದು ಪಾಲಿನಷ್ಟು ತೆಳು. ಅದೇ ಫ್ಯಾನ್ ಅಷ್ಟೇ ವೇಗವಾಗಿ ತಿರುಗಿದರೂ ಮಂಗಳೂರಿನಲ್ಲಿ ಸಾಗಿಸುವಷ್ಟು ಬಿಸಿಯನ್ನು ಇಲ್ಲಿ ಸಾಗಿಸುವುದಿಲ್ಲ. ನಮ್ಮ ಕೋಣೆಗಳ ತಂಪು ಇದನ್ನು ತುಂಬಿಕೊಡುತ್ತದೆಯಾದರೂ, ಬೇರೆಯವರು ಬರೆದ ಅಂಕಿಗಳೊಂದಿಗೆ ನಿಮ್ಮವು ಕೂಡದಿದ್ದರೆ ಇದೂ ಒಂದು ಕಾರಣವಿರಬಹುದು.

ಆರನೆಯ ಹೆಜ್ಜೆ: ಬಿಸಿಯನ್ನೇ ಕಡಿಮೆ ಹುಟ್ಟಿಸುವುದು

ತಂಪು ಮಾಡುವುದಕ್ಕಿಂತ ಬಿಸಿ ಹುಟ್ಟದಂತೆ ನೋಡಿಕೊಳ್ಳುವುದು ಮೇಲು. ಪೈ 4ರಲ್ಲಿ 4ಕೆ ಚಿತ್ರವನ್ನು ಸೆಕೆಂಡಿಗೆ 60ರಂತೆ ತೋರಿಸುವ ಆಯ್ಕೆ ಚಾಲೂ ಇದ್ದರೆ ಒಳಗಿನ ಗಡಿಯಾರದ ವೇಗ ಹೆಚ್ಚಿ ಬಿಸಿಯೂ ಹೆಚ್ಚುತ್ತದೆ. 256 ಅಗಲ, 240 ಎತ್ತರದ ಚುಕ್ಕೆಗಳಲ್ಲಿ ಬರೆದ ಆಟಕ್ಕೆ ಅದು ಬೇಡ, 1080 ಸಾಕು. ಎಮ್ಯುಲೇಟರ್‌ಗಳನ್ನು ನಡೆಸುವ ರೆಟ್ರೊಆರ್ಚ್ ತಂತ್ರಾಂಶದಲ್ಲಿ ಗುಂಡಿ ಒತ್ತಿದ ಕೂಡಲೇ ಪ್ರತಿಕ್ರಿಯೆ ಬರಲೆಂದು ಇರುವ ರನ್-ಅಹೆಡ್ ಸೌಲಭ್ಯ ಒಂದೊಂದು ಚಿತ್ರಕ್ಕೂ ಮುಂದಿನ ಚಿತ್ರವನ್ನೂ ಲೆಕ್ಕ ಹಾಕಿಸುವುದರಿಂದ ಕೆಲಸ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಹಳೆಯ ಪಿಕ್ಚರ್ ಟ್ಯೂಬಿನ ಗೆರೆಗಳನ್ನು ಅನುಕರಿಸುವ ಶೇಡರ್‌ಗಳು ಗ್ರಾಫಿಕ್ಸ್ ಭಾಗವನ್ನು ಕಾಯಿಸುತ್ತವೆ; ನನಗೆ ಆ ಗೆರೆಗಳು ಪ್ರಾಣ, ಹಾಗಾಗಿ ಹಗುರ ಆಟಗಳಿಗೆ ಮಾತ್ರ ಇಟ್ಟುಕೊಂಡಿದ್ದೇನೆ. ಮೆನುವಿನಲ್ಲಿ ಸುಮ್ಮನೆ ಬಿಟ್ಟಾಗ ವಿಡಿಯೊ ತುಣುಕುಗಳು ಓಡುವ ಸ್ಕ್ರೀನ್‌ಸೇವರ್ ಬದಲು ಕಪ್ಪು ಪರದೆಯದನ್ನು ಆರಿಸಿ.

ಓವರ್‌ಕ್ಲಾಕಿಂಗ್, ಅಂದರೆ ಚಿಪ್ಪನ್ನು ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವುದರ ಬಗ್ಗೆ ಕೇಳುವವರಿಗೆ ಒಂದೇ ಲೆಕ್ಕ ಸಾಕು. ಚಿಪ್ ಹುಟ್ಟಿಸುವ ಬಿಸಿ ವೇಗಕ್ಕೆ ಅನುಗುಣವಾಗಿಯೂ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ವೇಗ ಹೆಚ್ಚಿಸಲು ವೋಲ್ಟೇಜನ್ನೂ ಹೆಚ್ಚಿಸಬೇಕಾಗುವುದರಿಂದ ಎರಡು ಕಡೆಯಿಂದ ಬಿಸಿ ಬರುತ್ತದೆ. ಅಂತರ 35ರ ಒಳಗೆ ಬಾರದೆ ಅತ್ತ ಹೋಗಬೇಡಿ. ಇದೇ ಲೆಕ್ಕವನ್ನು ತಿರುಗಿಸಿಯೂ ಬಳಸಬಹುದು. ಬೋರ್ಡಿನ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಕಡತದಲ್ಲಿ ‘ಓವರ್_ವೋಲ್ಟೇಜ್=-2’ ಎಂದು ಬರೆದರೆ ಪೈ 4ರಲ್ಲಿ ವೋಲ್ಟೇಜ್ 0.05ರಷ್ಟು ಇಳಿದು, ವೇಗ ಹಾಗೇ ಉಳಿದು, ಬಿಸಿ ಸ್ವಲ್ಪ ತಗ್ಗುತ್ತದೆ. ಒಂದು ವಾರ ಆಡಿ ನೋಡಿ, ನಡುವೆ ಯಂತ್ರ ಹೆಪ್ಪುಗಟ್ಟಿದರೆ ಆ ಸಾಲನ್ನು ಅಳಿಸಿ.

ಏಳನೆಯ ಹೆಜ್ಜೆ: ಮಳೆ, ಧೂಳು, ಹುಳುಗಳ ಕಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮನೆಯೊಳಗೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಬೋರ್ಡಿಗೆ ತೇವದ ಭಯ ಓಡುವಾಗಲ್ಲ, ಆರಿಸಿಟ್ಟಾಗ. ಓಡುತ್ತಿರುವ ಬೋರ್ಡ್ ಸುತ್ತಲಿನ ಗಾಳಿಗಿಂತ ಬಿಸಿಯಾಗಿರುವುದರಿಂದ ಅದರ ಮೇಲೆ ಇಬ್ಬನಿ ಕೂರುವುದಿಲ್ಲ. ಹಾಗಾಗಿ ವಾರಕ್ಕೆರಡು ಬಾರಿ ಅರ್ಧ ಗಂಟೆ ಓಡಿಸುವುದೇ ಒಳ್ಳೆಯ ರಕ್ಷಣೆ. ವಿದ್ಯುತ್ತಿನಿಂದ ಮಂಜಿನಂತೆ ತಣ್ಣಗಾಗುವ ಪೆಲ್ಟಿಯರ್ ಬಿಲ್ಲೆಗಳನ್ನು ಮಾತ್ರ ಇಲ್ಲಿ ಬಳಸಲೇಬೇಡಿ. ಅವು ಚಿಪ್ಪನ್ನು ಕೋಣೆಗಿಂತ ತಣ್ಣಗೆ ಮಾಡಿದರೆ ಮಳೆಗಾಲದ ತೇವದ ಗಾಳಿ ಅದರ ಮೇಲೆಯೇ ನೀರಾಗಿ ಇಳಿಯುತ್ತದೆ.

ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಕಣದಲ್ಲಿ ಹಣ್ಣು ಒಣಗುವಾಗ ಏಳುವ ಧೂಳು ಮತ್ತು ಸಿಪ್ಪೆಯ ಪುಡಿ ಫ್ಯಾನ್ ಇರುವ ಪೆಟ್ಟಿಗೆಗೆ ಬೇಗ ಸೇರುತ್ತದೆ. ಮೃದುವಾದ ಪೇಂಟಿಂಗ್ ಬ್ರಷ್‌ನಿಂದ ರೆಕ್ಕೆಗಳ ಉದ್ದಕ್ಕೆ ಗುಡಿಸಿ. ಬ್ಲೋವರ್ ಬಳಸುವುದಾದರೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ; ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಧೂಳಿಗಿಂತ ಹೆಚ್ಚಾಗಿ ನಾನು ಕಂಡಿರುವುದು ಮಣ್ಣಿನ ಗೂಡು ಕಟ್ಟುವ ಕಣಜ. ಎರಡು ವಾರ ಮುಟ್ಟದೆ ಬಿಟ್ಟ ಪೆಟ್ಟಿಗೆಯ ಗಾಳಿಯ ತೂತುಗಳನ್ನು ಅದು ಜೇಡಿಮಣ್ಣಿನಿಂದ ಅಚ್ಚುಕಟ್ಟಾಗಿ ಮುಚ್ಚಿಬಿಡುತ್ತದೆ. ಸಕಲೇಶಪುರದ ಅಕ್ಕನ ಮನೆಯಲ್ಲಿ ಫ್ಯಾನ್ ತಿರುಗುತ್ತಲೇ ಇದ್ದರೂ ಚಿಪ್ ಕಾಯುತ್ತಿದ್ದುದಕ್ಕೆ ಕೊನೆಗೆ ಸಿಕ್ಕ ಕಾರಣ ಇದೇ. ರಜೆ ಮುಗಿದು ಬೋರ್ಡನ್ನು ಎತ್ತಿಡುವಾಗ ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ.

ಮತ್ತೆ ಹೊರತೆಗೆದ ದಿನ ಮೊದಲ ಹೆಜ್ಜೆಯ ಹಾಳೆಯನ್ನು ಹುಡುಕಿ, ಅದೇ ಆಟವನ್ನು ಅದೇ ಜಾಗದಲ್ಲಿ ಅರ್ಧ ಗಂಟೆ ಓಡಿಸಿ, ಅಂತರವನ್ನು ಹಳೆಯ ಅಂಕಿಯ ಪಕ್ಕದಲ್ಲಿ ದಿನಾಂಕದೊಂದಿಗೆ ಬರೆಯಿರಿ. ಐದು ಡಿಗ್ರಿಗಿಂತ ಹೆಚ್ಚು ಏರಿದ್ದರೆ ಮೊದಲು ತೂತುಗಳನ್ನು, ಆಮೇಲೆ ರೆಕ್ಕೆಗಳನ್ನು, ಕೊನೆಯಲ್ಲಿ ಪ್ಯಾಡನ್ನು ನೋಡಿ.